ಹದಿನಾಲ್ಕನೆಯ ಫಾರಂ

ಜೂನ್ 4

ಅಕ್ಕಾ,

ಭಾವ ನಿದ್ದೆ ಮಾಡುತ್ತಿರಲಿಲ್ಲ. ಬಾಯ್ಲರ್ ಒಡೆದಾಗ ಅವರು ಕುರ್ಚಿಯಲ್ಲಿ ನಿದ್ದೆಹೋಗಿದ್ದರು ಎಂದು ಲಾಂಡ್ರಿಯವರು ಹೇಳಿಕೊಂಡು ತಿರುಗುತ್ತಿರುವುದು ಶುದ್ಧ ಸುಳ್ಳು. ಎದ್ದು ಬಂದು ಅಲ್ಲ ಎನ್ನಲಾರದವರ ಮೇಲೆ ಹೊರಿಸಿದ ಸುಳ್ಳು. ಅದು ಮೊದಲನೆಯ ಅನ್ಯಾಯ. ಅದನ್ನು ಕೇಳಿಸಿಕೊಂಡೂ ನೀನು ತಲೆ ತಗ್ಗಿಸಿ ಕೂತಿರುವುದು ಎರಡನೆಯದು.

ಮಣ್ಣು ಮಾಡಿ ಬಂದ ದಿನ ಇಸ್ತ್ರಿ ವಿಭಾಗದ ದಪ್ಪಕ್ಕ ನನ್ನನ್ನು ನೀರಿನ ತೊಟ್ಟಿಯ ಹಿಂದಕ್ಕೆ ಕರೆದುಕೊಂಡು ಹೋದಳು. "ವಾಲ್ವನ್ನ ತಂತಿ ಹಾಕಿ ಕಟ್ಟಿದ್ರು ಕಣೇ. ಶಿಳ್ಳೆ ಹೊಡೆದಾಗಲೆಲ್ಲ ಹಬೆ ದಂಡ ಅಂತ ಮ್ಯಾನೇಜರೇ ಹೇಳಿ ಕಟ್ಸಿದ್ದು. ನಾನು ಹೇಳ್ದೆ ಅಂತ ಮಾತ್ರ ಎಲ್ಲೂ ಬಾಯಿ ಬಿಡ್ಬೇಡ" ಎಂದಳು. ಒತ್ತಡ ಮೀರಿದರೆ ತಾನಾಗಿ ತೆರೆದುಕೊಂಡು ಹಬೆಯನ್ನು ಹೊರಗೆ ಬಿಡುವ ವಾಲ್ವ್ ಅದು. ಅದರ ಬಾಯಿ ಕಟ್ಟಿದರೆ ಬಾಯ್ಲರ್ ಒಡೆಯುತ್ತದೆ ಎಂದು ತಿಳಿಯಲು ಯಾರೂ ಕಾಲೇಜು ಓದಬೇಕಾಗಿಲ್ಲ. ಮ್ಯಾನೇಜರ್ ಓದಿದ್ದಾನೆ.

ಆಗಸ್ಟ್ ಹನ್ನೊಂದಕ್ಕೆ ಬಾಯ್ಲರ್ ತನಿಖಾಧಿಕಾರಿಯ ಮುಂದೆ ವಿಚಾರಣೆ ಇದೆ. ದಪ್ಪಕ್ಕ ಬರುವುದಿಲ್ಲ, ಅವಳಿಗೆ ಹೊಟ್ಟೆಪಾಡು. ನೀನು ಬರಬೇಕು. ದಿನಾ ಭಾವನ ಎದುರು ಕೂತು ಊಟ ಮಾಡಿದವಳು ನೀನು. ವಾಲ್ವಿನ ವಿಷಯ ಅವರು ಒಂದು ಸಲವೂ ನಿನ್ನ ಹತ್ತಿರ ಎತ್ತಲಿಲ್ಲವೆ? ನೆನಪು ಮಾಡಿಕೊಂಡು ಬರೆ. ಫೋನು ಮಾಡುವುದಿಲ್ಲ. ನಿಮ್ಮ ಕ್ವಾರ್ಟರ್ಸಿಗೆಲ್ಲ ಇರುವ ಒಂದೇ ಫೋನು ಆ ಮ್ಯಾನೇಜರಿನ ಮೇಜಿನ ಮೇಲಿದೆ.

ಇನ್ನೊಂದು ಮಾತು. ನಿನ್ನ ಕಪಾಟಿನ ಮೇಲೆ 'ಹಗುರ ಹೃದಯ' ಎಂಬ ಪುಸ್ತಕ ನೋಡಿದೆ. ಪಾದ್ರಿಯಮ್ಮ ಕೊಟ್ಟದ್ದಿರಬೇಕು. ಆ ಪುಸ್ತಕ ನಮ್ಮ ಬೈಂಡಿಂಗ್ ಶೆಡ್ಡಿನಲ್ಲೇ ಹೊಲಿಗೆಯಾಗುತ್ತದೆ, ಗೊತ್ತೆ? ಕಣ್ಣೀರಿಟ್ಟವರಿಗೆ ಕೈವಸ್ತ್ರ ಕೊಟ್ಟು, ಹೊಡೆದವನ ಹೆಸರು ಕೇಳದೆ ಕಳಿಸುವ ಪುಸ್ತಕ. ಇದರ ಜೊತೆ ನಮ್ಮ ಕಾರ್ಮಿಕರ ಓದುಕೋಣೆಯ ಮೂರು ಕಿರುಹೊತ್ತಗೆ ಇಟ್ಟಿದ್ದೇನೆ. ಮೊದಲು ತೆಳ್ಳಗಿರುವುದನ್ನು ಓದು.

ನಿನ್ನ,
ಕಡ್ಡಿ


ಜೂನ್ 15

ಕಡ್ಡಿ,

ತೆಳ್ಳಗಿದ್ದೀಯೆಂದು ನಿನಗೆ ಕಡ್ಡಿ ಎಂದು ಹೆಸರಿಟ್ಟೆವು. ಗೀರಿದರೆ ಹತ್ತಿಕೊಳ್ಳುತ್ತೀಯೆಂದು ಗೊತ್ತಾದದ್ದು ಆಮೇಲೆ.

ನಾನು ಚೆನ್ನಾಗಿದ್ದೇನೆ. ಮಡಿಸುವ ವಿಭಾಗದಲ್ಲಿ ಕೆಲಸ ಕೊಟ್ಟಿದ್ದಾರೆ. ಆಸ್ಪತ್ರೆಯ ಚಾದರಗಳು. ಆ ತುದಿ ಒಬ್ಬಳು, ಈ ತುದಿ ಒಬ್ಬಳು ಹಿಡಿದು ಜಾಡಿಸಿ, ಹತ್ತಿರ ಬಂದು ಮೂಲೆಗೆ ಮೂಲೆ ಕೂಡಿಸಿ, ಮತ್ತೆ ಹಿಂದೆ ಹೋಗುವುದು. ದಿನವಿಡೀ ಎದುರಿನವಳ ಮುಖ ಹತ್ತಿರ ಬರುತ್ತದೆ, ದೂರ ಹೋಗುತ್ತದೆ. ಮಾತಾಡಬೇಕಾಗಿಲ್ಲ. ಹೊಸ ಬಾಯ್ಲರ್ ಬಂದಿದೆ. ಅದೂ ಶಿಳ್ಳೆ ಹೊಡೆಯುತ್ತದೆ. ಹೊಡೆದಾಗ ಎಲ್ಲರೂ ನನ್ನ ಕಡೆ ನೋಡಿ, ತಕ್ಷಣ ಬೇರೆ ಕಡೆ ನೋಡುತ್ತಾರೆ.

'ಹಗುರ ಹೃದಯ'ವನ್ನು ನೀನು ಅಷ್ಟು ಬೈಯಬೇಡ. ದಿನಕ್ಕೊಂದು ಅಧ್ಯಾಯ, ಅದಕ್ಕೆ 'ಬೆಳಗು' ಎಂದು ಹೆಸರು. ಕೊನೆಯಲ್ಲಿ 'ಇಂದು ಮಾಡಬೇಕಾದ್ದು' ಎಂದು ಒಂದು ಕೆಲಸ ಕೊಟ್ಟಿರುತ್ತಾರೆ. ಎದ್ದ ತಕ್ಷಣ ಒಂದು ಕೆಲಸ ಇರುವುದು ಒಳ್ಳೆಯದೇ. ನಾನೀಗ ಒಂಬತ್ತನೆಯ ಬೆಳಗಿನಲ್ಲಿ ನಿಂತುಬಿಟ್ಟಿದ್ದೇನೆ. ದೇವರಿಗೆ ಕೃತಜ್ಞತೆ ಹೇಳಬೇಕಾದ ಹತ್ತು ಸಂಗತಿ ಬರೆಯಿರಿ ಎಂದಿದೆ. ನಲ್ಲಿಯಲ್ಲಿ ನೀರು ಬರುತ್ತದೆ ಎಂದು ಬರೆದೆ. ಕಿಟಕಿ ಸರಿಯಾಗಿ ಮುಚ್ಚಿಕೊಳ್ಳುತ್ತದೆ ಎಂದು ಬರೆದೆ. ಮೂರನೆಯದು ಒಂದು ವಾರದಿಂದ ಹೊಳೆದಿಲ್ಲ.

ನಿನ್ನ ಕಿರುಹೊತ್ತಗೆ ಓದಿದೆ. ಅದರಲ್ಲಿ 'ಶ್ರಮಿಕ ವಿಧವೆ' ಎಂದು ಒಂದು ಕಡೆ ಬರುತ್ತದೆ. ಅದು ನಾನೇ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

ನಿನ್ನಿಂದ ಒಂದು ಉಪಕಾರ ಆಗಬೇಕು. ನಗಬೇಡ. ಇಲ್ಲಿ ಹೆಂಗಸರ ನಡುವೆ ಕಥೆಪುಸ್ತಕಗಳು ಚಾದರದ ಗಾಡಿಯಲ್ಲಿ ಅಡಗಿ ಒಂದು ವಿಭಾಗದಿಂದ ಇನ್ನೊಂದಕ್ಕೆ ಹೋಗುತ್ತವೆ. ಹೋದ ವರ್ಷ ಒಂದು ಬಂದಿತ್ತು. ಅದರ ನಾಯಕ ಹುಣ್ಣಿಮೆಗೆ ತೋಳವಾಗುತ್ತಾನೆ, ಉಳಿದ ದಿನ ಕಣ್ಣಿನ ಡಾಕ್ಟರು. ಈಗ 'ಸಂಜೆಯ ಅತಿಥಿ' ಬಂದಿದೆ. ದೀಪಸ್ತಂಭದ ಕಾವಲುಗಾರನೊಬ್ಬ ಸಮುದ್ರದಲ್ಲಿ ಸತ್ತಿದ್ದಾನೆ. ಕೈಗವಸು ಹೊಲಿಯುವ ಅವನ ಹೆಂಡತಿ ಕಿಟಕಿಯಲ್ಲಿ ಬಾಚಣಿಗೆ ಇಟ್ಟರೆ ಅವನು ಮುಸ್ಸಂಜೆಗೆ ಬಂದು ಕೂರುತ್ತಾನೆ. ನೆಲದ ಮೇಲೆ ಒದ್ದೆ ಹೆಜ್ಜೆ. ಆದರೆ ಮಾತಿಲ್ಲ. ಕೊನೆಯ ಭಾಗದವರೆಗೆ ಸತ್ತವರಿಗೆ ಮಾತು ಬರುವುದಿಲ್ಲವಂತೆ. ಮೂರು ಭಾಗ ಓದಿದ್ದೇನೆ. ಕೊನೆಯದು ಇಲ್ಲಿ ಯಾರ ಹತ್ತಿರವೂ ಇಲ್ಲ. ಅದರ ಬೆನ್ನಿನ ಮೇಲೂ ನಿಮ್ಮ ಪ್ರೆಸ್ಸಿನ ಹೆಸರೇ ಇದೆ. ಸಿಕ್ಕಿದರೆ ಕಳಿಸು. ಅವನು ಏನು ಹೇಳುತ್ತಾನೆ ಎಂದು ತಿಳಿದರೆ ಸಾಕು.

ಊಟಕ್ಕೆ ಕೂತಾಗ ನಿನ್ನ ಭಾವ ಮಾತಾಡುವವರಲ್ಲ. ನಿನಗೆ ಗೊತ್ತೇ ಇದೆಯಲ್ಲ.

ಅಕ್ಕ


ಜೂನ್ 21

ಅಕ್ಕಾ,

ಸತ್ತ ಮೇಲೂ ಗಂಡಸು ಸಂಜೆಗೆ ಸರಿಯಾಗಿ ಮನೆಗೆ ಬಂದು ಕೂರುತ್ತಾನೆ, ಹೆಂಡತಿ ಒದ್ದೆ ನೆಲ ಒರೆಸುತ್ತಾಳೆ. ಇದಕ್ಕೆ ಪ್ರೇಮಕಥೆ ಎಂದು ಹೆಸರು! ನಗಬೇಡ ಎಂದಿದ್ದೆ, ನಗಲಿಲ್ಲ. ನನಗೆ ಸಿಟ್ಟು ಬಂದಿದೆ.

ಆ ಎರಡು ಪುಸ್ತಕಗಳ ಹುಟ್ಟು ನಿನಗೆ ತಿಳಿಯಲಿ. ನಮ್ಮ ಶೆಡ್ಡಿನಲ್ಲಿ ಒಂದು ಉದ್ದನೆಯ ಮೇಜಿದೆ. ಪ್ರೆಸ್ಸಿನಿಂದ ಬಂದ ದೊಡ್ಡ ಕಾಗದವನ್ನು ಮಡಿಸಿದರೆ ಹದಿನಾರು ಪುಟದ ಒಂದು ಕಟ್ಟು. ಅದಕ್ಕೆ ಫಾರಂ ಎನ್ನುತ್ತೇವೆ. ಒಂದನೆಯ ಫಾರಮಿನ ರಾಶಿ, ಎರಡನೆಯದರ ರಾಶಿ, ಮೂರನೆಯದರದ್ದು, ಹೀಗೆ ಮೇಜಿನ ಉದ್ದಕ್ಕೂ ಇರುತ್ತವೆ. ನಾವು ಹುಡುಗಿಯರು ಸುತ್ತ ನಡೆಯುತ್ತ ರಾಶಿಗೊಂದರಂತೆ ಎತ್ತಿಕೊಂಡು ಹೋದರೆ ಮೇಜಿನ ಕೊನೆಗೆ ಕೈಯಲ್ಲಿ ಒಂದು ಪುಸ್ತಕ. ಮೇಜಿನ ಈ ಪಕ್ಕದಲ್ಲಿ 'ಹಗುರ ಹೃದಯ', ಆ ಪಕ್ಕದಲ್ಲಿ 'ಸಂಜೆಯ ಅತಿಥಿ', ನೀನು ಕೇಳಿದ ಕೊನೆಯ ಭಾಗವೇ. ಒಂದೇ ಪ್ರಕಾಶಕ, ಒಂದೇ ಅಳತೆ, ಒಂದೇ ಅಗ್ಗದ ಕಾಗದ, ಒಂದೇ ಅಕ್ಷರ. ಬೆಳಿಗ್ಗೆ ಹೆಂಗಸನ್ನು ದೇವರ ಹೆಸರಿನಲ್ಲಿ ಸುಮ್ಮನಿರಿಸು, ಸಂಜೆ ದೆವ್ವದ ಹೆಸರಿನಲ್ಲಿ ಸುಮ್ಮನಿರಿಸು. ನಡುವಿನ ಹೊತ್ತಿನಲ್ಲಿ ಅವಳು ಚಾದರ ಮಡಿಸುತ್ತಿರಲಿ.

ಆದರೂ ನೀನು ಬಾಯಿಬಿಟ್ಟು ಕೇಳಿದ್ದು ಇದೊಂದೇ. ಹಾಗಾಗಿ ಒಂದು ಒಪ್ಪಂದ. ನೀನು 'ಹಗುರ ಹೃದಯ'ವನ್ನು ಪಾದ್ರಿಯಮ್ಮನಿಗೆ ವಾಪಸು ಕೊಡು. ಆ ಕೆಲಸ ಆಯಿತು ಎಂದು ಬರೆದ ದಿನ ನಾನು ದೆವ್ವವನ್ನು ಅಂಚೆಗೆ ಹಾಕುತ್ತೇನೆ. ಎರಡು ವಿಷದಲ್ಲಿ ಒಂದಾದರೂ ಕಡಿಮೆಯಾಗಲಿ. ದೆವ್ವಗಳು ಕೊನೇಪಕ್ಷ ಕೃತಜ್ಞತೆ ಕೇಳುವುದಿಲ್ಲ.

ಭಾವ ಊಟಕ್ಕೆ ಕೂತಾಗ ಮಾತಾಡುವವರಲ್ಲ ಎಂದು ನನಗೂ ಗೊತ್ತು. ನಾನು ಕೇಳಿದ್ದು ವಾಲ್ವಿನ ಬಗ್ಗೆ.

ಕಡ್ಡಿ


ಜುಲೈ 2

ಕಡ್ಡಿ,

ಪುಸ್ತಕ ವಾಪಸು ಕೊಟ್ಟೆ. ಪಾದ್ರಿಯಮ್ಮ ಚರ್ಚಿನ ಹಿಂದಿನ ಕೋಣೆಯಲ್ಲಿ ಬೆಂಚು ಒರೆಸುತ್ತಿದ್ದರು. "ಮುಗೀತಾ ಮಗಳೇ?" ಎಂದರು. ಮುಗಿದಿಲ್ಲ, ನನ್ನಿಂದ ಆಗುತ್ತಿಲ್ಲ ಎಂದೆ. ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನಮ್ಮ ಎರಡನೇ ಮಗು ಹೋದಾಗ ನನಗೂ ಯಾರೋ ಇದನ್ನೇ ಕೊಟ್ಟಿದ್ರು. ಹನ್ನೊಂದನೇ ಬೆಳಗಿಗೆ ಬಿಟ್ಟೆ. ಪಾದ್ರಿಗಳಿಗೆ ಹೇಳ್ಬೇಡ." ಆಮೇಲೆ ಇಬ್ಬರೂ ಸೇರಿ ಉಳಿದ ಬೆಂಚುಗಳನ್ನು ಒರೆಸಿದೆವು. ನೀನು ಅವರನ್ನು ಮ್ಯಾನೇಜರಿನ ಕಡೆಯವರು ಎಂದುಕೊಂಡಿದ್ದೀಯ. ಅವರಿಗೆ ಮ್ಯಾನೇಜರ್ ಯಾರೆಂದೂ ಗೊತ್ತಿಲ್ಲ.

ಮ್ಯಾನೇಜರ್ ನಿನ್ನೆ ನಮ್ಮ ಕೋಣೆಗೇ ಬಂದಿದ್ದರು. ಕೂರುವುದಕ್ಕೆ ಇರುವುದು ಒಂದೇ ಕುರ್ಚಿ, ಅದರ ಮೇಲೆ ನಿನ್ನ ಭಾವನ ಕೋಟು ಇತ್ತು. ನಾನು ತೆಗೆಯಲಿಲ್ಲ, ಅವರು ನಿಂತೇ ಮಾತಾಡಿದರು. ಬರೆದು ತಂದಿದ್ದರು. ಆ ವಾರ ನನ್ನ ಗಂಡನಿಗೆ ರಾತ್ರಿ ನಿದ್ದೆ ಸರಿಯಿರಲಿಲ್ಲ, ಕೆಲಸದಲ್ಲಿ ತೂಕಡಿಸಿರಬಹುದು ಎಂದು. ರುಜು ಹಾಕಿದರೆ ಕೋಣೆಯೂ ಕೆಲಸವೂ ನನಗೇ ಇರುತ್ತವಂತೆ. "ಅವನಂತೂ ಹೋದ. ಇರೋರು ಬದುಕ್ಬೇಕಲ್ಲಮ್ಮ" ಎಂದರು. ದನಿಯಲ್ಲಿ ಕೆಡುಕು ಇರಲಿಲ್ಲ. ಅದಕ್ಕೇ ನನಗೆ ಇನ್ನೂ ಚಳಿಯಾಯಿತು.

ರುಜು ಹಾಕಲಿಲ್ಲ. ಹಾಕುವುದಿಲ್ಲ ಎಂದೂ ಹೇಳಲಿಲ್ಲ. ಯೋಚಿಸುತ್ತೇನೆ ಎಂದೆ.

ಒಪ್ಪಂದದಂತೆ ಈಗ ನಿನ್ನ ಸರದಿ.

ಅಕ್ಕ


ಜುಲೈ 6

ಅಕ್ಕಾ,

ಕುರ್ಚಿಯ ಮೇಲಿನ ಕೋಟು ತೆಗೆಯದೆ ಅವನನ್ನು ನಿಲ್ಲಿಸಿದೆಯಲ್ಲ, ಅದನ್ನು ಓದುಕೋಣೆಯಲ್ಲಿ ಎಲ್ಲರಿಗೂ ಹೇಳಿದೆ. ಹೆಸರು ಹೇಳಲಿಲ್ಲ, ಹೆದರಬೇಡ. ಅದೇ ಪ್ರತಿಭಟನೆ. ನೀನು ಪುಸ್ತಕ ವಾಪಸು ಕೊಟ್ಟ ಮಾರನೆಯ ದಿನವೇ ನಿನ್ನ ಬೆನ್ನು ನೆಟ್ಟಗಾಯಿತು, ನೋಡಿದೆಯಾ?

ದೆವ್ವ ಈ ಕಾಗದದ ಜೊತೆ ಹೊರಟಿದೆ. ಅಂಗಡಿಗೆ ಹೋಗುವ ಕಟ್ಟಿನಿಂದ ಕದ್ದದ್ದಲ್ಲ. ಮೇಸ್ತ್ರಿಯನ್ನು ಕೇಳಿ, ನಿನ್ನ ಪ್ರತಿಯನ್ನು ನಾನೇ ಮೇಜಿನ ಸುತ್ತ ನಡೆದು ಜೋಡಿಸಿದೆ, ನಾನೇ ಹೊಲಿದೆ, ಅಂಟು ಹಾಕಿ ಅಂಚು ಕತ್ತರಿಸಿದೆ. ಆ ಹೊತ್ತಿನಲ್ಲೂ ನಾನು ಸುಮ್ಮನಿರಲಿಲ್ಲ. ಯಂತ್ರದ ಅಪಘಾತಗಳಿಗೆ ಯಾರು ಹೊಣೆ ಎಂಬ ಹೊಸ ಹೊತ್ತಗೆಯೊಂದು ಬಂದಿದೆ. ಅದನ್ನು ಎಡಗೈಯಲ್ಲಿ ತೆರೆದು ಹಿಡಿದು ಓದುತ್ತ, ಬಲಗೈಯಲ್ಲಿ ಫಾರಂ ಎತ್ತುತ್ತ ಹೋದೆ. ನಿನ್ನ ಅತಿಥಿಯ ಒಂದು ಸಾಲೂ ನನ್ನ ಕಣ್ಣಿಗೆ ಬೀಳಲಿಲ್ಲ, ಬೀಳುವುದೂ ಬೇಡ.

ಬೇಗ ಓದಿ ಮುಗಿಸು. ಆಮೇಲೆ ವಿಚಾರಣೆಗೆ ಏನು ಹೇಳಬೇಕು ಎಂದು ಇಬ್ಬರೂ ಕೂಡಿ ಬರೆಯೋಣ.

ಕಡ್ಡಿ


ಜುಲೈ 15

ಅಕ್ಕಾ,

ಪುಸ್ತಕ ತಲುಪಿತೆ? ಸುದ್ದಿಯೇ ಇಲ್ಲವಲ್ಲ. ದೆವ್ವ ನಿನ್ನನ್ನೂ ಎತ್ತಿಕೊಂಡು ಹೋಯಿತೆ?

ಇಲ್ಲಿ ಒಂದು ತಮಾಷೆ ನಡೆಯಿತು. ಹಿಂದಿನ ವಾರದ ಕೆಲಸ ಮುಗಿದಾಗ 'ಹಗುರ ಹೃದಯ'ದ ಒಂದು ಫಾರಂ ಕಡಿಮೆ ಬಂತು, 'ಸಂಜೆಯ ಅತಿಥಿ'ಯ ಒಂದು ಫಾರಂ ಹೆಚ್ಚಾಯಿತು. ಯಾರೋ ಎತ್ತುವಾಗ ಈ ಪಕ್ಕದ ರಾಶಿಗೆ ಕೈ ಹಾಕಿದ್ದಾರೆ. ಮೇಸ್ತ್ರಿ ಬೈಯುತ್ತಾರೆ ಎಂದುಕೊಂಡೆವು. ಅವರು ಕನ್ನಡಕ ಹಣೆಗೇರಿಸಿ, "ಯಾವುದೋ ಮನೆಯಲ್ಲಿ ಈಗ ದೆವ್ವ ಪಾದ್ರಿ ಥರ ಪ್ರಸಂಗ ಮಾಡ್ತಾ ಕೂತಿರತ್ತೆ ನೋಡ್ರಮ್ಮ" ಎಂದರು. ಇಡೀ ಶೆಡ್ಡು ನಕ್ಕಿತು. ಅಂಟು ಕಲಸುವವಳು ನಕ್ಕು ನಕ್ಕು ಕೆಳಗೆ ಕೂತಳು. ನಾನೂ ನಕ್ಕೆ. ಬಹಳ ದಿನದ ಮೇಲೆ ನಕ್ಕೆ.

ವಿಚಾರಣೆ ಹತ್ತಿರ ಬರುತ್ತಿದೆ. ಬರೆ.

ಕಡ್ಡಿ


ಜುಲೈ 16

ಕಡ್ಡಿ,

ಇದನ್ನು ಓದುವ ಮೊದಲು ಕೂತುಕೋ. ಯಾರೂ ಹತ್ತಿರ ಇಲ್ಲದಾಗ ಓದು.

ವಾಲ್ವಿನ ಬಗ್ಗೆ ನೀನು ಎರಡು ಸಲ ಕೇಳಿದೆ, ಎರಡು ಸಲವೂ ನಾನು ತಪ್ಪಿಸಿಕೊಂಡೆ. ನಿನ್ನ ಭಾವ ಹೇಳಿದ್ದರು. ಬಾಯ್ಲರ್ ಒಡೆಯುವ ಹಿಂದಿನ ಸಂಜೆ ಊಟಕ್ಕೆ ಬಂದವರು ತಟ್ಟೆ ಮುಟ್ಟದೆ ಕೂತಿದ್ದರು. "ವಾಲ್ವ್ ಕಟ್ಟು ಅಂತಿದ್ದಾರೆ. ಕಟ್ಟೋದಾ?" ಎಂದು ಕೇಳಿದರು. ಅವರು ಯಾವುದನ್ನೂ ನನ್ನನ್ನು ಕೇಳಿ ಮಾಡಿದವರಲ್ಲ. ನಾನು ಒಲೆಯ ಕಡೆಯಿಂದ ತಿರುಗಲೂ ಇಲ್ಲ. "ನನ್ನನ್ನೇನು ಕೇಳ್ತೀರಿ, ಹೇಳಿದ್ದು ಮಾಡಿ. ಈ ಕೋಣೆಯೂ ಹೋದ್ರೆ ಎಲ್ಲಿಗೆ ಹೋಗೋಣ?" ಎಂದೆ. ಅವರು ಎದ್ದು ಕೈ ತೊಳೆದುಕೊಂಡರು. ಬೆಳಿಗ್ಗೆ ಹೋಗಿ ಕಟ್ಟಿದರು.

ಆ ಕೈಗೆ ತಂತಿ ಕೊಟ್ಟವಳು ನಾನು. ವಿಚಾರಣೆಯಲ್ಲಿ ಎದ್ದು ನಿಂತು ಇದನ್ನು ಹೇಗೆ ಹೇಳಲಿ? ದಿನವೂ ಚಾದರದ ಆ ತುದಿಯಲ್ಲಿ ಅವರ ಮುಖವೇ ಹತ್ತಿರ ಬರುತ್ತಿತ್ತು, ಏನೋ ಕೇಳಿ ದೂರ ಹೋಗುತ್ತಿತ್ತು. ಏನು ಕೇಳುತ್ತಿದ್ದಾರೆಂದು ನನಗೆ ಗೊತ್ತಿತ್ತು.

ಈಗ ಕೇಳು. ನಿನ್ನ ಪುಸ್ತಕ ಬಂತು. ಮೂರು ಸಂಜೆ ಓದಿದೆ. ಹೆಂಡತಿ ಕೊನೆಯ ಸಲ ಬಾಚಣಿಗೆ ಇಡುತ್ತಾಳೆ. ಅವನು ಬಂದು ಕೂರುತ್ತಾನೆ. 'ಆಗ ಅವನು ಬಾಯಿ ತೆರೆದು' ಎಂಬಲ್ಲಿಗೆ ಪುಟ ಮುಗಿಯುತ್ತದೆ. ಪುಟ ತಿರುಗಿಸಿದೆ. ಹೀಗೆ ಇತ್ತು:

'ನನ್ನ ಪ್ರೀತಿಯ ———, ನಾನು ಹೋಗುವ ಮುಂಚೆ ನೀನಾಡಿದ ಮಾತು ನಿನ್ನನ್ನು ಸುಡುತ್ತಿದೆ ಎಂದು ನಾನು ಬಲ್ಲೆ. ಆ ಮಾತನ್ನು ನಾನು ಜೊತೆಗೆ ಒಯ್ದಿಲ್ಲ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಹೊತ್ತದ್ದನ್ನು ಕೆಳಗಿಡು. ಯಾರ ಮೇಲೂ ದೂರು ಹೇಳಬೇಡ. ನೆಮ್ಮದಿಯಾಗಿರು.'

ಕಡ್ಡಿ, ಕೈಗವಸು ಹೊಲಿಯುವವಳು ಮೂರು ಭಾಗದಲ್ಲಿ ಎಲ್ಲೂ ಅವನಿಗೆ ಕಟುವಾಗಿ ಮಾತಾಡಿಲ್ಲ. ಆಡಿದವಳು ನಾನು. ಆ ಗೆರೆ ನೋಡು. ನಿನ್ನ ಭಾವ ನನ್ನನ್ನು ಯಾವತ್ತೂ ಹೆಸರು ಹಿಡಿದು ಕರೆದವರಲ್ಲ. ಒಂದು ಸಲ ಕೆಮ್ಮುತ್ತಿದ್ದರು, ನಾನು ತಿರುಗುತ್ತಿದ್ದೆ. ಹೆಸರು ಇರಬೇಕಾದಲ್ಲಿ ಆ ಗೆರೆ ಕಂಡಾಗ ನನಗೆ ಆ ಕೆಮ್ಮು ಕೇಳಿಸಿತು. ನಿಜವಾಗಿ ಕೇಳಿಸಿತು. ತಿರುಗಿ ನೋಡಿದೆ.

ಮುಂದೆ ಇನ್ನೂ ಪುಟಗಳಿವೆ, ಮಕ್ಕಳನ್ನು ಬೆಳೆಸುವ ಬಗ್ಗೆ ಏನೋ ಇರುವಂತಿದೆ. ನಾನು ನೋಡಲಿಲ್ಲ. ಅಲ್ಲಿಗೇ ಮುಚ್ಚಿಟ್ಟೆ. ಅವರು ಹೋದ ಮೇಲೆ ಅವತ್ತು ಮೊದಲ ಸಲ ಮಲಗಿದ ತಕ್ಷಣ ನಿದ್ದೆ ಬಂತು.

ನಿನ್ನೆ ಮ್ಯಾನೇಜರ್ ತಂದ ಕಾಗದಕ್ಕೆ ರುಜು ಹಾಕಿದೆ. ಯಾರ ಮೇಲೂ ದೂರು ಹೇಳಬೇಡ ಎಂದ ಮೇಲೆ ಮುಗಿಯಿತಲ್ಲ. ನೀನು ಕೂಗಾಡುತ್ತೀಯ. ಕೂಗಾಡು. ಆದರೆ ನನ್ನ ಎದೆ ಹಗುರವಾಗಿದೆ, ಮತ್ತು ಆ ಪುಸ್ತಕವನ್ನು ಕಳಿಸಿದವಳು ನೀನು. ಸಾಯುವವರೆಗೆ ಮರೆಯುವುದಿಲ್ಲ.

ಅಕ್ಕ


ಜುಲೈ 20

ಅಕ್ಕಾ,

ನಿನ್ನ ಕಾಗದ ತಲುಪಿತು. ನಾನು ಚೆನ್ನಾಗಿದ್ದೇನೆ. ಇಲ್ಲಿ ಕೆಲಸ ಜಾಸ್ತಿ. ಆರೋಗ್ಯ ನೋಡಿಕೋ, ಹೊತ್ತಿಗೆ ಸರಿಯಾಗಿ ಊಟ ಮಾಡು.

ಕಡ್ಡಿ


ಜುಲೈ 24

ಕಡ್ಡಿ,

ಜುಲೈ ಹದಿನೈದರ ನಿನ್ನ ಕಾಗದ ದಾರಿ ತಪ್ಪಿ ಪಕ್ಕದ ಕ್ವಾರ್ಟರ್ಸಿಗೆ ಹೋಗಿತ್ತಂತೆ. ಇವತ್ತು ತಂದುಕೊಟ್ಟರು. ಆಮೇಲಿನದು ಮೊದಲೇ ಬಂದಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತಿದ್ದೇನೆ. ನೀನು ಕೂಗಾಡಲಿಲ್ಲ. ನೀನು ಹುಟ್ಟಿದಾಗಿನಿಂದ ಇಷ್ಟು ಚಿಕ್ಕ ಕಾಗದ ಬರೆದಿಲ್ಲ.

ಮೇಸ್ತ್ರಿ ಹೇಳಿದ ತಮಾಷೆ ನನಗೆ ಸರಿಯಾಗಿ ಅರ್ಥವಾಗಲಿಲ್ಲ. ಕಡಿಮೆಯಾದ ಫಾರಂ ಯಾವುದು?

ಅಕ್ಕ


ಜುಲೈ 28

ಅಕ್ಕಾ,

ಹದಿನಾಲ್ಕನೆಯದು.

ಎರಡು ದಿನದಿಂದ ಈ ಒಂದು ಪದವನ್ನು ಬರೆದು ಹರಿದು ಹಾಕುತ್ತಿದ್ದೇನೆ. ಈಗ ಹರಿಯುವುದಿಲ್ಲ, ಪೂರ್ತಿ ಬರೆಯುತ್ತೇನೆ.

ನಿನ್ನ ಕಾಗದದಲ್ಲಿ ಆ ಸಾಲುಗಳನ್ನು ಓದಿದ ತಕ್ಷಣ ನನಗೆ ಗೊತ್ತಾಯಿತು. ಆ ಪುಟಗಳನ್ನು ನಾನು ಸಾವಿರಾರು ಸಲ ಮಡಿಸಿದ್ದೇನೆ. ಓದಿರಲಿಲ್ಲ, ಆದರೆ ಮಡಿಸುವಾಗ ಮೊದಲ ಸಾಲು ಬೆರಳ ಕೆಳಗೇ ಇರುತ್ತದೆ. ಅದು 'ಹಗುರ ಹೃದಯ'ದ್ದು. ಎರಡೂ ಪುಸ್ತಕದ ಹದಿನಾಲ್ಕನೆಯ ರಾಶಿಗಳು ಮೇಜಿನ ತುದಿಯಲ್ಲಿ ಎದುರುಬದುರು ಇವೆ. ನಾನು ತಿರುಗುವಾಗ ಓದುತ್ತಿದ್ದೆ. ಯಂತ್ರದ ಅಪಘಾತಕ್ಕೆ ಯಾರು ಹೊಣೆ ಎಂದು ಓದುತ್ತಿದ್ದೆ. ಕೈ 'ಹಗುರ ಹೃದಯ'ದ ರಾಶಿಗೆ ಹೋಯಿತು.

ಅದು ಭಾವ ಅಲ್ಲ ಅಕ್ಕಾ. ಯಾರೂ ಅಲ್ಲ. ಪುಸ್ತಕ ಬರೆದವರು ಯಾರಿಗೋ ಆಗಲಿ ಎಂದು ಬರೆದದ್ದು. ನೀನು ಆ ಪುಸ್ತಕವನ್ನು ಇಟ್ಟುಕೊಂಡಿದ್ದರೆ ಎಂದಾದರೂ ಆ ಬೆಳಗಿಗೆ ಬಂದು, ನೀನೇ ಪತ್ತೆ ಹಚ್ಚಿ ನಗುತ್ತಿದ್ದೆಯೋ ಏನೋ. ವಾಪಸು ಕೊಡಿಸಿದವಳೂ ನಾನೇ.

ನಾನು ಯಾಕೆ ತಕ್ಷಣ ಹೇಳಲಿಲ್ಲ ಎಂದು ಕೇಳು. ಸುಮ್ಮನಿದ್ದರೆ ನಿನ್ನ ಪಾಲಿಗೆ ಭಾವ ನಿನ್ನನ್ನು ಕ್ಷಮಿಸಿದವರಾಗಿ ಇರುತ್ತಾರೆ. ಲೋಕದ ಪಾಲಿಗೆ ಕೆಲಸದಲ್ಲಿ ನಿದ್ದೆಹೋದವರಾಗಿ ಉಳಿಯುತ್ತಾರೆ. ಹೇಳಿದರೆ ತಿರುವುಮುರುವು. ಯಾವುದನ್ನು ಉಳಿಸಬೇಕು ಎಂದು ಹೇಳುವ ಹೊತ್ತಗೆ ನನ್ನ ಹತ್ತಿರ ಇಲ್ಲ. ಓದುಕೋಣೆಗೆ ಹೋಗಿ ಹುಡುಕಿದೆ, ನಿಜವಾಗಿ ಹುಡುಕಿದೆ. ಅಲ್ಲಿರುವುದೆಲ್ಲ ಎದುರಿಗೆ ಶತ್ರು ಇರುವವರಿಗಾಗಿ ಬರೆದದ್ದು. ಹೇಳುವುದಿಲ್ಲ ಎಂದೇ ತೀರ್ಮಾನ ಮಾಡಿದ್ದೆ. ನೀನು ಕೇಳಿಬಿಟ್ಟೆ. ಕೇಳಿದ ಮೇಲೆ ಸುಳ್ಳು ಹೇಳಿದರೆ ನಾನು ಮ್ಯಾನೇಜರಿಗಿಂತ ಯಾವುದರಲ್ಲಿ ಮೇಲು?

ನೀನು 'ಹೇಳಿದ್ದು ಮಾಡಿ' ಎಂದದ್ದು ತಪ್ಪಲ್ಲ ಎಂದು ಹತ್ತು ಪುಟ ಬರೆಯಬಲ್ಲೆ. ಕೋಣೆ ಕಸಿದುಕೊಳ್ಳುವ ಹೆದರಿಕೆಯನ್ನು ನಿನ್ನ ಬಾಯಲ್ಲಿ ಇಟ್ಟವರು ಬೇರೆ ಎಂದು ಬರೆಯಬಲ್ಲೆ. ಅದು ನಿಜವೂ ಹೌದು. ಆದರೆ ನೀನು ಕಾಯುತ್ತಿದ್ದುದು ನನ್ನ ಮಾತಿಗಲ್ಲ.

ಹೆಚ್ಚಾಗಿ ಉಳಿದ ನಿಜವಾದ ಹದಿನಾಲ್ಕನೆಯ ಫಾರಂ ನನ್ನ ಹತ್ತಿರ ಇದೆ. ಮೇಸ್ತ್ರಿಯನ್ನು ಕೇಳಿ ತೆಗೆದುಕೊಂಡೆ. ಓದಿದ್ದೇನೆ. ಬೇಕೆಂದರೆ ಕಳಿಸುತ್ತೇನೆ.

ರುಜು ಹಾಕಿದ ಹೇಳಿಕೆಯನ್ನು ವಿಚಾರಣೆಯ ದಿನ ಸ್ವತಃ ಬಂದು ಹಿಂತೆಗೆದುಕೊಳ್ಳಬಹುದಂತೆ. ಇದನ್ನು ಕೇಳಿಕೊಂಡು ಬಂದೆ, ಹಾಗಾಗಿ ಬರೆಯುತ್ತಿದ್ದೇನೆ. ಬಾ ಎಂದು ಬರೆಯುತ್ತಿಲ್ಲ. ಹಾಗೆನ್ನುವ ಬಾಯಿ ನನಗೆ ಉಳಿದಿಲ್ಲ.

ನಿನ್ನ ತಂಗಿ


ಆಗಸ್ಟ್ 6

ಕಡ್ಡಿ,

ನಿನ್ನ ಕಾಗದ ಬಂದ ಮೇಲೆ ಕೆಲವು ದಿನ ಕೆಲಸಕ್ಕೆ ಹೋಗಲಿಲ್ಲ. ಬಾಗಿಲು ಹಾಕಿಕೊಂಡು ಮಲಗಿದ್ದೆ. ದಪ್ಪಕ್ಕ ಬಂದು ಬಾಗಿಲು ಬಡಿದು, "ಸತ್ತಿದ್ದೀಯೋ ಬದುಕಿದ್ದೀಯೋ ಹೇಳು, ನಿನ್ನ ಚಾದರಾನೂ ನಾನೇ ಮಡಿಸ್ಬೇಕಾಗಿದೆ" ಎಂದು ಬೈದಳು. ಎದ್ದೆ.

ಆಮೇಲೆ ಪಾದ್ರಿಯಮ್ಮನ ಹತ್ತಿರ ಹೋಗಿ 'ಹಗುರ ಹೃದಯ' ಕೇಳಿದೆ. ಯಾಕೆಂದು ಅವರು ಕೇಳಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು ಹುಡುಕಿದೆ. ಸಿಕ್ಕಿತು. ಪತ್ರ ಶುರುವಾಗುವ ಹಿಂದಿನ ಪುಟದಲ್ಲಿ, 'ಅಗಲಿದವರು ನಿಮಗೆ ಹೀಗೊಂದು ಪತ್ರ ಬರೆಯಬಹುದಿತ್ತು. ಗೆರೆ ಎಳೆದ ಜಾಗದಲ್ಲಿ ನಿಮ್ಮ ಹೆಸರನ್ನು ತುಂಬಿಕೊಂಡು ಓದಿರಿ' ಎಂದಿದೆ. ಪಾದ್ರಿಯಮ್ಮನ ಪ್ರತಿಯಲ್ಲಿ ಆ ಗೆರೆಯ ಮೇಲೆ ಯಾರೋ ಪೆನ್ಸಿಲಿನಲ್ಲಿ ಹೆಸರು ಬರೆದು ಅಳಿಸಿದ್ದಾರೆ.

ಹಾಗಾದರೆ ಕೆಮ್ಮಿದವರು ಯಾರೂ ಇಲ್ಲ.

ನಿನ್ನ ಮೇಲೆ ಸಿಟ್ಟಿದೆಯೇ ಎಂದು ನೀನು ಕೇಳಿಲ್ಲ, ಕೇಳಲು ಹೆದರಿದ್ದೀಯ. ಇತ್ತು. ಫಾರಂ ತಪ್ಪಾಗಿ ಎತ್ತಿದ್ದಕ್ಕಲ್ಲ. ನಾನು ಕೇಳಿದ ಕೂಡಲೇ ಹೇಳಿಬಿಟ್ಟೆಯಲ್ಲ, ಅದಕ್ಕೆ. ಒಂದು ಸುಳ್ಳು ಹೇಳಿದ್ದರೆ ನಿನಗೇನು ಗಂಟು ಹೋಗುತ್ತಿತ್ತು ಎಂದು ಗೋಡೆಗೆ ಮುಖ ಮಾಡಿ ಮಲಗಿದ್ದಾಗ ಅಂದುಕೊಂಡೆ. ಈಗಲೂ ಅನ್ನಿಸುತ್ತದೆ. ನೀನು ಸರಿ ಮಾಡಿದ್ದೀಯ ಎಂದು ನನ್ನಿಂದ ಹೇಳಿಸಬೇಡ.

ನನ್ನನ್ನು ಯಾರೂ ಕ್ಷಮಿಸಿಲ್ಲ. ಇನ್ನು ಕ್ಷಮಿಸುವವರೂ ಯಾರೂ ಇಲ್ಲ. ಅದು ಹಾಗೆಯೇ ಇರುತ್ತದೆ, ನಾನು ಚಾದರ ಮಡಿಸುತ್ತಲೇ ಮುದುಕಿಯಾಗುತ್ತೇನೆ ಎಂದು ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಒಂದು ವಿಷಯ ಮಾತ್ರ ಕಣ್ಣಿಗೆ ಕಾಣಿಸಿತು. ಅವರು ಆ ಸಂಜೆ ಎಚ್ಚರವಾಗಿದ್ದರು. ತಟ್ಟೆಯ ಮುಂದೆ ಎಚ್ಚರವಾಗಿ ಕೂತು ನನ್ನನ್ನು ಕೇಳಿದರು. ಕಟ್ಟೋದಾ ಎಂದು ಕೇಳಿದ ಮನುಷ್ಯ ನಿದ್ದೆಹೋಗುವವನಲ್ಲ. ಅದನ್ನು ಕಿವಿಯಾರೆ ಕೇಳಿದವಳು ಲೋಕದಲ್ಲಿ ನಾನೊಬ್ಬಳೇ. ನಾನೇನು ಉತ್ತರ ಕೊಟ್ಟೆ ಎಂಬುದನ್ನು ಹೇಳದೆ ಅವರೇನು ಕೇಳಿದರು ಎಂಬುದನ್ನು ಹೇಳಲು ಬರುವುದಿಲ್ಲ. ಎರಡನ್ನೂ ಹೇಳುತ್ತೇನೆ.

ನಂಬುತ್ತಾರೆ ಎಂದು ನನಗನ್ನಿಸುವುದಿಲ್ಲ. ಮೊದಲು ರುಜು ಹಾಕಿದವಳ ಮಾತನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ? ನಿನ್ನ ಹೊತ್ತಗೆಗಳಲ್ಲಿ ಇಂಥವರು ಗೆಲ್ಲುತ್ತಾರೆ, ಇಲ್ಲಿ ಗೆಲ್ಲುವುದಿಲ್ಲ. ಕೋಣೆಯನ್ನು ಅವತ್ತೇ ಖಾಲಿ ಮಾಡಿಸುತ್ತಾರೆ. ದೊಡ್ಡದೊಂದು ಖಾಲಿ ಚೀಲ ತಾ. ಕೋಟನ್ನು ನಾನು ಕೈಯಲ್ಲೇ ಹಿಡಿದುಕೊಳ್ಳುತ್ತೇನೆ.

ಆ ಹದಿನಾರು ಪುಟವನ್ನೂ ತಾ. ಅದರಲ್ಲಿ ಏನಿದೆ ಎಂದು ನೀನು ಬರೆಯಲಿಲ್ಲ. ನೀನು ಬರೆಯಲಿಲ್ಲ ಎಂದ ಮೇಲೆ ಅವನು ಬಾಯಿ ತೆರೆದು ಏನೂ ಹೇಳಿರಲಾರ. ಪರವಾಗಿಲ್ಲ. ವಿಚಾರಣೆ ಮುಗಿದ ಮೇಲೆ ಎಲ್ಲಾದರೂ ಕೂತು ನೀನೇ ಗಟ್ಟಿಯಾಗಿ ಓದಿ ಹೇಳು, ನಡುವೆ ಟೀಕೆ ಮಾಡದೆ.

ತನಿಖಾಧಿಕಾರಿಯ ಕಚೇರಿಯ ಹೊರಗೆ ಬೇಲಿಯ ಪಕ್ಕ ಒಂದು ಕಲ್ಲುಬೆಂಚು ಇದೆ. ಆಗಸ್ಟ್ 11, ಸೋಮವಾರ, ಬೆಳಿಗ್ಗೆ ಹತ್ತೂವರೆಗೆ ನಾನು ಅಲ್ಲಿರುತ್ತೇನೆ.

ಅಕ್ಕ